ಕೂತು ಓದು ಅನ್ನುವ ಮೊದಲು: ಐಕ್ಳನ್ನು ಓಡಾಡಿಸಿ ಕಲಿಸುವ ಬಗೆ

ಪಿ.ಟಿ. ಮೇಷ್ಟ್ರ ಹತ್ತಿರ ಓದಿನ ವಿಚಾರ ಯಾರೂ ಕೇಳುವುದಿಲ್ಲ. ಮಂಡಿ ತರಚಿದರೆ ನಮ್ಮ ಹತ್ತಿರ ಬರುತ್ತಾರೆ, ಮಾರ್ಕ್ಸ್ ಕಮ್ಮಿ ಬಂದರೆ ಗಣಿತದ ಮೇಷ್ಟ್ರ ಹತ್ತಿರ ಹೋಗುತ್ತಾರೆ. ಪಾಂಡವಪುರ, ಮದ್ದೂರು ಕಡೆಯ ಸರ್ಕಾರಿ ಶಾಲೆಗಳಲ್ಲಿ ಕೆಲಸ ಮಾಡಿ ರಿಟೈರ್ ಆದವನು ನಾನು. ಈಗ ಮಂಡ್ಯದಲ್ಲಿ ಮನೆ. ಸಂಜೆ ಬೀದಿಯ ಐಕ್ಳನ್ನು ಸೇರಿಸಿಕೊಂಡು ಆಡಿಸುತ್ತೇನೆ. ಅಲ್ಲೂ ತಾಯಂದಿರು ಗೇಟಿನ ಹತ್ತಿರ ನಿಂತು ಹಳೇ ದೂರನ್ನೇ ಹೇಳುತ್ತಾರೆ: "ಸಾ, ನಮ್ ಹೈದ ಒಂದ್ ಕಡೆ ಕುಂತ್ಕಂಡು ಓದಾಕಿಲ್ಲ. ನೀವಾರ ವಸಿ ಹೇಳಿ."

ಹೇಳುತ್ತೇನೆ. ಆದರೆ ಹೈದನಿಗಲ್ಲ, ಅವರಿಗೇ ಹೇಳುತ್ತೇನೆ. ಮಗು ಕದಲುವುದು ಓದಿಗೆ ಅಡ್ಡಿ ಅಂತ ನಾವು ತಿಳಿದುಕೊಂಡುಬಿಟ್ಟಿದ್ದೇವೆ. ಮೆದುಳು ಬೆಳೆಯುವುದೇ ಮೈ ಕದಲಿದಾಗ. ಅದಕ್ಕೆ ಒಂದು ಷರತ್ತು ಇದೆ: ಮಗು ತಾನೇ ಕದಲಬೇಕು, ಕದಲುವಾಗ ಏನು ಮಾಡಬೇಕು ಅಂತ ತಾನೇ ತೀರ್ಮಾನ ಮಾಡಬೇಕು. ನಾವು ಎತ್ತಿಕೊಂಡು ತಿರುಗಿಸಿದರೆ ಆಗುವುದಿಲ್ಲ, ವಿಸಲ್ ಊದಿ ಕುಣಿಸಿದರೂ ಅರ್ಧ ಕೆಲಸವೇ. ಈ ಬರಹದಲ್ಲಿ ಹೇಳುವುದೆಲ್ಲ ಈ ಷರತ್ತಿನ ಸುತ್ತಲೇ ಇದೆ.

ಬುಟ್ಟಿಯಲ್ಲಿ ಕೂತ ಬೆಕ್ಕಿನ ಮರಿ

1963ರಲ್ಲಿ ಅಮೆರಿಕದ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಬೆಕ್ಕಿನ ಮರಿಗಳನ್ನು ಕತ್ತಲೆಯಲ್ಲಿ ಬೆಳೆಸಿ, ದಿನಕ್ಕೆ ಒಂದಿಷ್ಟು ಹೊತ್ತು ಮಾತ್ರ ಬೆಳಕಿಗೆ ತರುತ್ತಿದ್ದರು. ಅಲ್ಲಿ ಗಾಣದಂಥ ಒಂದು ಯಂತ್ರ. ಅದರ ಒಂದು ತುದಿಗೆ ಕಟ್ಟಿದ ಮರಿ ತಾನೇ ನಡೆದು ಸುತ್ತು ಹಾಕುತ್ತಿತ್ತು. ಇನ್ನೊಂದು ತುದಿಗೆ ಸಣ್ಣ ಬುಟ್ಟಿ, ಅದರೊಳಗೆ ಇನ್ನೊಂದು ಮರಿ. ಮೊದಲನೆಯದು ನಡೆದಂತೆಲ್ಲ ಬುಟ್ಟಿಯೂ ಸುತ್ತುತ್ತಿತ್ತು. ಸುತ್ತಲಿನ ಗೋಡೆಯ ಮೇಲೆ ಪಟ್ಟೆಗಳು. ಎರಡಕ್ಕೂ ಕಾಣಿಸಿದ್ದು ಒಂದೇ ನೋಟ.

ಆಮೇಲೆ ಪರೀಕ್ಷೆ ಮಾಡಿದರು. ನಡೆದ ಮರಿ ಆಳ ಕಂಡರೆ ಹಿಂದೆ ಸರಿಯಿತು. ಮುಖದ ಹತ್ತಿರ ಏನಾದರೂ ಬಂದರೆ ಕಣ್ಣು ಮಿಟುಕಿಸಿತು. ಬುಟ್ಟಿಯಲ್ಲಿ ಕೂತಿದ್ದ ಮರಿಗೆ ಇದು ಯಾವುದೂ ಬರಲಿಲ್ಲ. ಕಣ್ಣು ಸರಿಯಾಗಿಯೇ ಇತ್ತು, ಕಂಡದ್ದನ್ನು ಬಳಸಲು ಮಾತ್ರ ಗೊತ್ತಿರಲಿಲ್ಲ. ಸಮಾಧಾನದ ವಿಷಯ ಏನೆಂದರೆ, ಆ ಮರಿಗಳನ್ನು ಬೆಳಕಿರುವ ಕೋಣೆಯಲ್ಲಿ ಎರಡು ದಿನ ಅವುಗಳ ಪಾಡಿಗೆ ಓಡಾಡಲು ಬಿಟ್ಟ ಮೇಲೆ ಸರಿಹೋದವು.

ನಮ್ಮ ಮಕ್ಕಳ ದಿನ ನೋಡಿ. ಬೆಳಗ್ಗೆ ಬಾಗಿಲಿಗೇ ವ್ಯಾನ್, ಕ್ಲಾಸಿನಲ್ಲಿ ಬೆಂಚು, ಸಂಜೆ ಮತ್ತೆ ವ್ಯಾನ್, ಆಮೇಲೆ ಟ್ಯೂಷನ್, ಅದಾದ ಮೇಲೆ ಸೋಫಾ, ಮೊಬೈಲು. ನೋಡುವುದು ಬೇಕಾದಷ್ಟು ನೋಡುತ್ತವೆ. ಎಲ್ಲವನ್ನೂ ಬುಟ್ಟಿಯಲ್ಲಿ ಕೂತೇ ನೋಡುತ್ತವೆ.

ಮೆದುಳಿನ ವಿಚಾರ ಜಾಸ್ತಿ ಹೇಳಿ ತಲೆ ತಿನ್ನುವುದಿಲ್ಲ. ಮೂರು ಸಂಗತಿ ಗೊತ್ತಿದ್ದರೆ ಸಾಕು. ತಲೆಯ ಹಿಂಭಾಗದಲ್ಲಿ ಕೆಳಗಿರುವ ಕಿರುಮೆದುಳು ಮೆದುಳಿನ ತೂಕದಲ್ಲಿ ಹತ್ತರಲ್ಲಿ ಒಂದು ಪಾಲಷ್ಟೆ. ಆದರೆ ಮನುಷ್ಯನ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಅಲ್ಲೇ ಇವೆ. ಮೈಯ ತೂಕ ಹಿಡಿಯುವುದು, ಚಲನೆಯನ್ನು ತಿದ್ದುವುದು ಅದರ ಕೆಲಸ. ಮಾತು, ಗಮನ, ಯೋಚನೆಯಲ್ಲೂ ಅದರ ಪಾತ್ರ ಇದೆ ಅಂತ ಈಗ ಗೊತ್ತಾಗಿದೆ. ಎರಡನೆಯದು ಹಿಪೊಕ್ಯಾಂಪಸ್ ಎಂಬ ಮೆದುಳಿನ ಒಳಭಾಗ. ಹೊಸ ನೆನಪು ಕೂರುವುದಕ್ಕೆ ಅದು ಬೇಕೇ ಬೇಕು. ಮೂರನೆಯದು ಬಿಡಿಎನ್‌ಎಫ್ ಎಂಬ ಪ್ರೋಟೀನು. ನರಕೋಶಗಳು ಚೆನ್ನಾಗಿ ಉಳಿಯಲು, ಒಂದಕ್ಕೊಂದು ಹೊಸ ಕೊಂಡಿ ಹಾಕಿಕೊಳ್ಳಲು ಇದು ನೆರವಾಗುತ್ತದೆ. ಏದುಸಿರು ಬರುವಷ್ಟು ಓಡಾಡಿದಾಗ ಇದು ಹೆಚ್ಚುತ್ತದೆ.

ತೊಟ್ಟಿಲಿನಿಂದ ಇಳಿದ ಮೇಲೆ

ಮಗುವನ್ನು ನೆಲಕ್ಕೆ ಬಿಡಿ. ಮೊದಲ ವರ್ಷಕ್ಕೆ ಇದಕ್ಕಿಂತ ದೊಡ್ಡ ಪಾಠ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಸೂಚನೆಗಳನ್ನು ಕೊಟ್ಟಿತು. ಇನ್ನೂ ಹರಿದಾಡದ ಕೂಸನ್ನು ದಿನಕ್ಕೆ ಒಟ್ಟು 30 ನಿಮಿಷವಾದರೂ ಬೋರಲು ಮಲಗಿಸಿ ಆಡಿಸಬೇಕು ಅನ್ನುತ್ತದೆ ಅದು. ಒಂದೇ ಸಲಕ್ಕೆ ಬೇಡ, ಎರಡು ಮೂರು ನಿಮಿಷದಂತೆ ಹಲವು ಸಲ ಮಾಡಿ. ಚಾಪೆಯ ಮೇಲೆ ಬೋರಲು ಹಾಕಿ, ಎದುರಿಗೆ ನೀವೂ ಮಲಗಿ, ಗಿಲಕಿ ಆಡಿಸಿ. ತಲೆ ಎತ್ತಲಿ, ಒದ್ದಾಡಲಿ, ಸ್ವಲ್ಪ ಅಳಲಿ. ಎಚ್ಚರವಿದ್ದಾಗ, ನೀವು ಪಕ್ಕದಲ್ಲಿ ಇದ್ದಾಗ ಮಾತ್ರ ಇದನ್ನು ಮಾಡಿ. ನಿದ್ದೆಗೆ ಅಂಗಾತವೇ ಮಲಗಿಸಬೇಕು.

ಇನ್ನು ವಾಕರ್. ಮಗುವನ್ನು ನಡುವೆ ಕೂರಿಸಿ ಸುತ್ತ ಚಕ್ರ ಇರುವ ಆ ಪ್ಲಾಸ್ಟಿಕ್ ಬಳೆ. ನಾಮಕರಣಕ್ಕೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಅಟ್ಟಕ್ಕೆ ಹಾಕಿ. ಕೆನಡಾ ದೇಶದಲ್ಲಿ 2004ರಿಂದ ಅದನ್ನು ಮಾರುವುದೇ ನಿಷೇಧ, ಮೆಟ್ಟಿಲಿನಿಂದ ಉರುಳಿ ಪೆಟ್ಟಾದ ಮಕ್ಕಳು ಅಷ್ಟು ಇದ್ದರು. ನಡಿಗೆಯೂ ಅದರಿಂದ ಬೇಗ ಬರುವುದಿಲ್ಲ. ಚನ್ನಪಟ್ಟಣದ ಮರದ ತಳ್ಳುಗಾಡಿ ಬೇರೆ ವಿಷಯ. ಅಲ್ಲಿ ಮಗು ತಾನೇ ಎದ್ದು ನಿಲ್ಲಬೇಕು, ತಾನೇ ತಳ್ಳಬೇಕು, ಬಿದ್ದರೆ ತಾನೇ ಏಳಬೇಕು. ಅದನ್ನು ಕೊಡಿಸಿ.

"ಪಕ್ಕದ ಮನೆ ಮಗು ಹತ್ತು ತಿಂಗಳಿಗೇ ನಡೀತು" ಅಂತ ಕೊರಗುವವರಿಗೆ ಒಂದು ಮಾತು. ಆರೋಗ್ಯವಾಗಿರುವ ಮಕ್ಕಳಲ್ಲೇ ಕೆಲವರು ಒಂಬತ್ತು ತಿಂಗಳಿಗೆ ನಡೆಯುತ್ತಾರೆ, ಕೆಲವರು ಹದಿನೇಳಕ್ಕೆ. ಅಂಬೆಗಾಲಿಡದೆ ನೇರವಾಗಿ ಎದ್ದು ನಡೆಯುವವರೂ ಇದ್ದಾರೆ, ಅದರಿಂದ ಬುದ್ಧಿ ಕಮ್ಮಿಯಾಗುವುದಿಲ್ಲ. ಆದರೆ 18 ತಿಂಗಳಾದರೂ ನಡೆಯದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಮಾತು ತಡವಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ದೇಶದ ಬೇರೆ ಬೇರೆ ಕಡೆಯಿಂದ ಅಲ್ಲಿಗೆ ಬರುತ್ತಾರೆ, ನಾವು ಬಸ್ ಹತ್ತಿದರೆ ಮುಗಿಯಿತು. "ಅವರಪ್ಪನೂ ತಡವಾಗೇ ಮಾತಾಡಿದ್ದು" ಅಂತ ಅಜ್ಜಿ ಹೇಳಿದರೂ ಹೋಗಿ ಬನ್ನಿ.

ಮೂರರಿಂದ ಆರು ವರ್ಷ

ಮೂರು, ನಾಲ್ಕು ವರ್ಷದ ಮಗು ದಿನಕ್ಕೆ 180 ನಿಮಿಷ ಓಡಾಡಿಕೊಂಡು ಇರಬೇಕು, ಅದರಲ್ಲಿ 60 ನಿಮಿಷ ಏದುಸಿರು ಬರುವ ಹಾಗೆ ಆಡಬೇಕು ಅನ್ನುವುದು ಅದೇ 2019ರ ಸೂಚನೆ. ಮೊಬೈಲು, ಟೀವಿ ಒಂದು ಗಂಟೆಗಿಂತ ಜಾಸ್ತಿ ಬೇಡ. ಮೂರು ಗಂಟೆ ಅಂದರೆ ಗಾಬರಿಯಾಗಬೇಡಿ. ನೀವು ತಡೆಯದಿದ್ದರೆ ಮಗು ತಾನೇ ಅಷ್ಟು ಓಡಾಡಿಬಿಡುತ್ತದೆ.

ಈ ವಯಸ್ಸಿಗೆ ನನ್ನ ಮೊದಲ ಆಯ್ಕೆ ಕುಂಟೆಬಿಲ್ಲೆ. ಬಿಲ್ಲೆಗೆ ಒಡೆದ ಹೆಂಚಿನ ಚೂರು ಸಾಕು. ಆಡುವ ಮಗುವನ್ನು ಸ್ವಲ್ಪ ಗಮನ ಇಟ್ಟು ನೋಡಿ. ಎಷ್ಟು ಜೋರಾಗಿ ಎಸೆದರೆ ಮೂರನೇ ಮನೆಗೆ ಬೀಳುತ್ತದೆ ಅಂತ ಅಳೆಯುತ್ತದೆ. ಒಂಟಿ ಕಾಲಲ್ಲಿ ತೂಕ ಹಿಡಿಯುತ್ತದೆ. ಬಿಲ್ಲೆ ಇರುವ ಮನೆ ಬಿಟ್ಟು ಹಾರಬೇಕು ಅಂತ ನೆನಪಿಟ್ಟುಕೊಳ್ಳುತ್ತದೆ. ಗೆರೆ ತುಳಿಯುವ ಹೊತ್ತಿಗೆ ಕಾಲನ್ನು ತಡೆಯುತ್ತದೆ. ಕೊನೆಯ ಮನೆಯಲ್ಲಿ ತಿರುಗಿ, ಬಗ್ಗಿ, ಬಿಲ್ಲೆ ಎತ್ತಿ, ಬೀಳದೆ ವಾಪಸ್ ಬರುತ್ತದೆ. ನೆನಪು, ತಡೆ, ಅಂದಾಜು, ಮೂರೂ ಒಂದೇ ಆಟದಲ್ಲಿ. ಒಂದನೇ ಕ್ಲಾಸಿನಲ್ಲಿ ಮಗು ಪಾಠ ಕೇಳುವಾಗಲೂ ಬೇಕಾಗುವುದು ಇವೇ.

ಅಂಕಿ ಕಲಿಸಬೇಕಾ? ಮನೆಗಳೊಳಗೆ ಅಂಕಿ ಬರೆಯಿರಿ. ಕುಂಟುವಾಗ ಕೂಗಿ ಹೇಳಲಿ. ವಾಪಸ್ ಬರುವಾಗ ಹಿಂದಿನಿಂದ ಎಣಿಸಲಿ. ಒಂದು ಬಿಟ್ಟು ಒಂದು ಹಾರಿದರೆ 2, 4, 6, 8. ಎಡವಿದರೆ ಬೈಯಬೇಡಿ, ಆಟದ ನಿಯಮವೇ ಔಟ್ ಮಾಡುತ್ತದೆ. ಮೇಷ್ಟ್ರು ಹೇಳಿದ ತಪ್ಪಿಗಿಂತ ಆಟ ಹೇಳಿದ ತಪ್ಪನ್ನು ಮಕ್ಕಳು ಬೇಗ ಒಪ್ಪುತ್ತಾರೆ.

ಅಕ್ಷರಕ್ಕೆ ಬರೋಣ. ಅಕ್ಷರಾಭ್ಯಾಸದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಮಗುವಿನ ಬೆರಳು ಹಿಡಿದು ಬರೆಸುತ್ತೇವೆ, ಫೋಟೋ ತೆಗೆಯುತ್ತೇವೆ, ಮಾರನೇ ದಿನ ಅದೇ ಅಕ್ಕಿ ಕುಕ್ಕರಿಗೆ. ನಾನು ಹೇಳುವುದು, ಅದನ್ನು ಒಂದೆರಡು ತಿಂಗಳು ಮುಂದುವರಿಸಿ. ಹಿಂದೆ ಕೂಲಿಮಠಗಳಲ್ಲಿ ಮರಳಿನ ಮೇಲೆ ಬರೆಸುತ್ತಿದ್ದದ್ದು ಸುಮ್ನೆ ಅಲ್ಲ. ಮೊದಲು ಅಂಗಳದಲ್ಲಿ ಸೀಮೆಸುಣ್ಣದಿಂದ ಆಳೆತ್ತರದ "ಅ" ಬರೆದು ಅದರ ಮೇಲೆ ನಡೆಸಿ. ಎಲ್ಲಿಂದ ಶುರು, ಯಾವ ಕಡೆ ತಿರುವು ಅನ್ನುವುದು ಕಾಲಿಗೆ ಗೊತ್ತಾಗಲಿ. ಆಮೇಲೆ ಗಾಳಿಯಲ್ಲಿ ತೋಳು ಬೀಸಿ ಬರೆಯಲಿ. ಆಮೇಲೆ ಮರಳು ಅಥವಾ ರಾಗಿ ಹಿಟ್ಟಿನ ತಟ್ಟೆ. ಸ್ಲೇಟು, ಪುಸ್ತಕ ಕೊನೆಗೆ. ಕನ್ನಡ ಅಕ್ಷರ ಪೂರ್ತಿ ದುಂಡು ದುಂಡು, ಭುಜ, ಮಣಿಕಟ್ಟು ಹದಕ್ಕೆ ಬರುವ ಮೊದಲೇ ನಾಲ್ಕು ಗೆರೆ ಪುಸ್ತಕ ಕೊಟ್ಟರೆ ಮಗು ಪೆನ್ಸಿಲ್ ಮುರಿಯುತ್ತದೆ, ಅಷ್ಟೆ.

ಇಲ್ಲೊಂದು ಸೂಕ್ಷ್ಮ ಇದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್, ಇನ್ನೂ ಓದಲು ಬಾರದ ಐದು ವರ್ಷದ ಆಸುಪಾಸಿನ ಮಕ್ಕಳಿಗೆ ಮೂರು ಬಗೆಯಲ್ಲಿ ಅಕ್ಷರ ಮಾಡಿಸಿದರು: ತಾವೇ ಕೈಯಿಂದ ಬರೆಯುವುದು, ಗೆರೆ ಮೇಲೆ ತಿದ್ದುವುದು, ಕೀಲಿ ಒತ್ತುವುದು. ಆಮೇಲೆ ಅಕ್ಷರ ತೋರಿಸಿ ಮೆದುಳಿನ ಸ್ಕ್ಯಾನ್ ನೋಡಿದರು. ದೊಡ್ಡವರು ಓದುವಾಗ ಕೆಲಸ ಮಾಡುವ ಮೆದುಳಿನ ಭಾಗಗಳು ಮಕ್ಕಳಲ್ಲಿ ಎಚ್ಚರವಾದದ್ದು ತಾವೇ ಬರೆದ ಅಕ್ಷರಗಳಿಗೆ. 2012ರಲ್ಲಿ ಇದು ಪ್ರಕಟವಾಯಿತು. ನಾವೆಲ್ಲ ತಿದ್ದಿ ತಿದ್ದಿ ಕಲಿತವರು, ಹಾಗಾಗಿ ತಿದ್ದುವುದು ಬೇಡ ಅನ್ನುವಷ್ಟು ಧೈರ್ಯ ನನಗಿಲ್ಲ. ಎರಡು ಸಲ ತಿದ್ದಿಸಿ, ಅಳಿಸಿ, ಮೂರನೇ ಸಲ ನೋಡದೆ ಬರೆಯಲು ಬಿಡಿ. ಸೊಟ್ಟ ಬರಲಿ. ಆ ಸೊಟ್ಟ ಅಕ್ಷರ ಮಗುವಿನದ್ದು, ಚುಕ್ಕಿ ಗೆರೆಯ ಮೇಲಿನ ಚೆಂದದ ಅಕ್ಷರ ಪುಸ್ತಕದ್ದು.

ಕಾಗುಣಿತಕ್ಕೆ ಹೆಜ್ಜೆ ಸೇರಿಸಿ. "ಕಿ" ಅಂದರೆ ಒಂದು ಗಿಡ್ಡ ಹೆಜ್ಜೆ, "ಕೀ" ಅಂದರೆ ಒಂದು ಉದ್ದ ಹೆಜ್ಜೆ. ಒತ್ತಕ್ಷರಕ್ಕೆ ನೆಲ ಗುದ್ದುವುದು: ಅ-ಕ್ಕ, ಹ-ತ್ತು, ಬೆ-ಲ್ಲ. ಮಕ್ಕಳು ಬರೆಯುವಾಗ ಒತ್ತು ಬಿಡುವುದು ಅದು ಕಿವಿಗೆ ಸರಿಯಾಗಿ ಬೀಳದೆ ಇದ್ದುದರಿಂದ. ಕಾಲಲ್ಲಿ ಗುದ್ದಿದ ಒತ್ತನ್ನು ಕೈ ಮರೆಯುವುದು ಕಮ್ಮಿ. ಇದು ನಮ್ಮ ಮನೆಯವರು ನಲಿ-ಕಲಿ (ಸರ್ಕಾರಿ ಶಾಲೆಯ ಸಣ್ಣ ಕ್ಲಾಸುಗಳಲ್ಲಿ ಚಟುವಟಿಕೆಯಿಂದ ಕಲಿಸುವ ಪದ್ಧತಿ) ಕ್ಲಾಸಿನಲ್ಲಿ ಮಾಡುತ್ತಿದ್ದದ್ದು, ಯಶಸ್ಸು ಅವರದ್ದು.

ನಲಿ-ಕಲಿ ಶುರುವಾದದ್ದು ನಮ್ಮ ಮೈಸೂರು ಜಿಲ್ಲೆಯಲ್ಲೇ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ಋಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಮೇಷ್ಟ್ರುಗಳೇ ಕೂತು ಕಟ್ಟಿದ್ದು. ಬೆಂಚು ಇಲ್ಲ, ಗುಂಡಾಗಿ ಕೂರುವುದು, ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ ಕಪ್ಪು ಹಲಗೆ, ಒಂದು ತಟ್ಟೆಯಿಂದ ಇನ್ನೊಂದು ತಟ್ಟೆಗೆ (ಅಲ್ಲಿ ಮಕ್ಕಳು ಕೂರುವ ಗುಂಪಿಗೆ ತಟ್ಟೆ ಅನ್ನುತ್ತಾರೆ) ಎದ್ದು ಹೋಗುವುದು, ಕಾರ್ಡು ತಾನೇ ಹುಡುಕಿ ತರುವುದು. "ಆ ಶಾಲೇಲಿ ಮಕ್ಕಳು ಬರೀ ಓಡಾಡ್ಕೊಂಡಿರ್ತವೆ" ಅಂತ ಮೂಗು ಮುರಿದು ಕಾನ್ವೆಂಟಿಗೆ ಸೇರಿಸಿದವರನ್ನು ಬಹಳ ಮಂದಿ ನೋಡಿದ್ದೇನೆ. ಆ ಓಡಾಟಕ್ಕೆ ದುಡ್ಡು ಕೊಡುವ ಶಾಲೆಗಳೂ ಈಗ ಮೈಸೂರಿನಲ್ಲಿ ಇವೆ, ತಮಾಷೆ ಅಲ್ವಾ?

ಮನೆಯಲ್ಲಿ ಬೇರೇನೂ ಆಗದಿದ್ದರೆ ಅವರೆಕಾಯಿ ಕಾಲದಲ್ಲಿ ಕಾಳು ಸುಲಿಯಲು, ಹಿತಕಿದ ಬೇಳೆ ಹಿತುಕಲು ಕೂರಿಸಿಕೊಳ್ಳಿ. ಬೆರಳಿಗೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಚುಕ್ಕಿ ರಂಗೋಲಿಯೂ ಹಾಗೇ. ಗಂಡು ಹುಡುಗರಿಗೂ ಹಾಕಿಸಿ.

ನಾಲ್ಕನೇ ಕ್ಲಾಸಿನಿಂದ ಮೇಲೆ

ಎಲ್ಲ ಕೆಡುವುದು ಇಲ್ಲಿಂದ. ಮಗು ಬೆಂಚಿಗೆ ಏರುತ್ತದೆ, ಆಮೇಲೆ ಇಳಿಯುವುದೇ ಇಲ್ಲ. ನಾನು ಇದ್ದ ಒಂದು ಶಾಲೆಯಲ್ಲಿ ಜನವರಿ ಬಂತೆಂದರೆ ಆಟದ ಪೀರಿಯಡ್ ಗಣಿತಕ್ಕೆ ಹೋಗುತ್ತಿತ್ತು. ನನ್ನನ್ನು ಕೇಳುತ್ತಲೂ ಇರಲಿಲ್ಲ, ಬೋರ್ಡಿನ ಮೇಲೆ ಅಳಿಸಿ ಬರೆದುಬಿಡುತ್ತಿದ್ದರು. ಸಂಜೆ ನಾಲ್ಕಕ್ಕೆ ನಲವತ್ತು ಮಕ್ಕಳು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದರು. ಆ ಗಣಿತ ಯಾರ ತಲೆಗೂ ಹೋಗುತ್ತಿರಲಿಲ್ಲ ಅಂತ ಗಣಿತದ ಮೇಷ್ಟ್ರಿಗೂ ಗೊತ್ತಿತ್ತು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಹಿಲ್‌ಮನ್ ಮತ್ತು ಜೊತೆಗಾರರು ಒಂಬತ್ತು, ಹತ್ತು ವರ್ಷದ ಮಕ್ಕಳನ್ನು ಒಂದು ದಿನ 20 ನಿಮಿಷ ಚುರುಕಾಗಿ ನಡೆಸಿ, ಇನ್ನೊಂದು ದಿನ ಸುಮ್ನೆ ಕೂರಿಸಿ ಪರೀಕ್ಷೆ ಕೊಟ್ಟರು. ನಡೆದ ದಿನ ಗಮನದ ಪರೀಕ್ಷೆಯಲ್ಲೂ ಓದಿ ಅರ್ಥ ಮಾಡಿಕೊಳ್ಳುವ ಪರೀಕ್ಷೆಯಲ್ಲೂ ಮಕ್ಕಳು ಚೆನ್ನಾಗಿ ಮಾಡಿದರು. ಇದು 2009ರ ಮಾತು. 2014ರಲ್ಲಿ ಅದೇ ತಂಡ, ಏಳರಿಂದ ಒಂಬತ್ತು ವರ್ಷದ 221 ಮಕ್ಕಳ ಮೇಲೆ ಒಂಬತ್ತು ತಿಂಗಳ ಅಧ್ಯಯನ ಪ್ರಕಟಿಸಿತು. ಶಾಲೆ ಬಿಟ್ಟ ಮೇಲೆ ಆಡಿದ ಮಕ್ಕಳಲ್ಲಿ ಮನಸ್ಸನ್ನು ತಡೆಯುವ, ಒಂದರಿಂದ ಇನ್ನೊಂದಕ್ಕೆ ತಿರುಗಿಸುವ ಶಕ್ತಿ ಹೆಚ್ಚು ಬೆಳೆದಿತ್ತು. ಒಂದು ಸುತ್ತು ಓಡಿದರೆ ರ‍್ಯಾಂಕ್ ಬರುತ್ತದೆ ಅಂತ ಇದರ ಅರ್ಥ ಅಲ್ಲ. ಕಷ್ಟದ ಪಾಠಕ್ಕೆ ಮೊದಲು ಮೈ ಬೆಚ್ಚಗೆ ಮಾಡಿಕೊಂಡರೆ ಪಾಠ ಹಿಡಿಸುತ್ತದೆ, ಅಷ್ಟೆ.

ಹಾಗಾಗಿ ಮನೆಯಲ್ಲಿ ಮೊದಲು ಆಟ, ಆಮೇಲೆ ಹೋಂವರ್ಕ್. "ಹೋಂವರ್ಕ್ ಮುಗಿಸಿದರೆ ಆಡಲು ಬಿಡುತ್ತೇನೆ" ಅನ್ನುವುದನ್ನು ತಿರುಗಿಸಿ. ಕ್ಲಾಸಿನಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೊಮ್ಮೆ ಎಬ್ಬಿಸಿ. ಬೆಂಚಿನ ಪಕ್ಕದಲ್ಲೇ ನಿಂತು ಮಾಡುವ ಆಟ ಬೇಕಾದಷ್ಟು ಇವೆ, ಎರಡು ನಿಮಿಷ ಸಾಕು.

ಇದಕ್ಕಿಂತ ಮುಖ್ಯ, ಪಾಠವನ್ನೇ ಕಾಲಿಗೆ ಇಳಿಸುವುದು. ಏಳನೇ ಕ್ಲಾಸಿನ ಋಣ ಸಂಖ್ಯೆ ಎಷ್ಟು ಮಕ್ಕಳನ್ನು ಗಣಿತದಿಂದ ಓಡಿಸಿದೆಯೋ. ಮೈದಾನದಲ್ಲಿ ಸುಣ್ಣದ ಪುಡಿಯಿಂದ ಒಂದು ಗೆರೆ ಎಳೆಯಿರಿ. ನಡುವೆ 0, ಬಲಕ್ಕೆ 1, 2, 3, ಎಡಕ್ಕೆ -1, -2, -3. ನಿಯಮ ನಾಲ್ಕೇ. ಕೂಡುವುದಾದರೆ ಬಲಕ್ಕೆ ಮುಖ ಮಾಡು. ಕಳೆಯುವುದಾದರೆ ಎಡಕ್ಕೆ ಮುಖ ಮಾಡು. ಧನ ಸಂಖ್ಯೆ ಆದರೆ ಮುಂದಕ್ಕೆ ನಡೆ. ಋಣ ಸಂಖ್ಯೆ ಆದರೆ ಹಿಂದಕ್ಕೆ ಹೆಜ್ಜೆ ಇಡು.

ಈಗ 2 - (-3). ಮಗು 2ರ ಮೇಲೆ ನಿಲ್ಲುತ್ತದೆ. ಕಳೆಯಬೇಕು, ಎಡಕ್ಕೆ ತಿರುಗುತ್ತದೆ. ಸಂಖ್ಯೆ ಋಣ, ಹಿಂದಕ್ಕೆ ಮೂರು ಹೆಜ್ಜೆ. ಎಲ್ಲಿಗೆ ಬಂತು? 5ಕ್ಕೆ. "ಮೈನಸ್ ಮೈನಸ್ ಪ್ಲಸ್" ಅಂತ ಬಾಯಿಪಾಠ ಮಾಡಿದ್ದ ಮಗು ಕಾಲ ಕೆಳಗೆ ನೋಡಿಕೊಂಡು ಒಂದು ಕ್ಷಣ ಸುಮ್ಮನಾಗುತ್ತದೆ. ಆಮೇಲೆ "ಇನ್ನೊಂದ್ ಲೆಕ್ಕ ಕೊಡಿ ಸಾ" ಅನ್ನುತ್ತದೆ. -3 + (-2) ಕೊಡಿ. ಬಲಕ್ಕೆ ಮುಖ, ಹಿಂದಕ್ಕೆ ಎರಡು, -5. ಪೀರಿಯಡ್ ಮುಗಿಯುವ ಹೊತ್ತಿಗೆ ಅವರೇ ಒಬ್ಬರಿಗೊಬ್ಬರು ಲೆಕ್ಕ ಕೊಡಲು ಶುರು ಮಾಡುತ್ತಾರೆ.

ಸಮಾಜ ಪಾಠಕ್ಕೆ ಕಾವೇರಿ ನದಿ ಮಾಡಿಸಿ. ಇಪ್ಪತ್ತು ಮೂವತ್ತು ಮಕ್ಕಳು ಕೈ ಹಿಡಿದುಕೊಂಡು ತಲಕಾವೇರಿಯಿಂದ ಹೊರಡಲಿ. ಕನ್ನಂಬಾಡಿಯಲ್ಲಿ ಹೇಮಾವತಿ, ಲಕ್ಷ್ಮಣತೀರ್ಥ ಆದ ಮಕ್ಕಳು ಬಂದು ಸೇರಲಿ. ಶ್ರೀರಂಗಪಟ್ಟಣದಲ್ಲಿ ಸಾಲು ಎರಡಾಗಿ ಒಡೆದು, ದ್ವೀಪ ಬಳಸಿ, ಸಂಗಮದಲ್ಲಿ ಮತ್ತೆ ಒಂದಾಗಲಿ. ತಿ. ನರಸೀಪುರದಲ್ಲಿ ಕಪಿಲೆ ಬರಲಿ. ಶಿವನಸಮುದ್ರದಲ್ಲಿ ಮತ್ತೆ ಎರಡು ಕವಲು, ಗಗನಚುಕ್ಕಿ ಒಂದು ಕಡೆ, ಭರಚುಕ್ಕಿ ಇನ್ನೊಂದು ಕಡೆ, ಎರಡೂ ಕಡೆ ಧುಮುಕಬೇಕು. ಈ ಧುಮುಕುವ ಪಾತ್ರಕ್ಕೆ ಜಗಳ ಆಗುತ್ತದೆ, ಮೊದಲೇ ಚೀಟಿ ಎತ್ತಿಸಿ. ವಿಶ್ವೇಶ್ವರಯ್ಯ ನಾಲೆ ಎಲ್ಲಿಂದ ಹೊರಡುತ್ತದೆ ಅಂತ ಯಾವ ಮಗುವಾದರೂ ಕೇಳಿದರೆ ನಿಮ್ಮ ಪಾಠ ಗೆದ್ದಿತು. ನಮ್ಮ ಗದ್ದೆ ನೀರು ಅದೇ ತಾನೆ.

ಒಂದು ಎಚ್ಚರಿಕೆ. ಮಗ್ಗಿ ಹೇಳುತ್ತಾ ಸ್ಕಿಪ್ಪಿಂಗ್ ಆಡಿಸುವುದು ಚೆನ್ನ, ಆದರೆ ಆಗಲೇ ಬರುವ ಮಗ್ಗಿಗೆ ಮಾತ್ರ. ಏನೂ ಗೊತ್ತಿಲ್ಲದ ಹೊಸ ವಿಷಯ ಹೇಳುವಾಗ ಹಾರಿಸಿದರೆ ಗಮನ ಎರಡು ಪಾಲಾಗುತ್ತದೆ. ಹೊಸ ಪಾಠದಲ್ಲಿ ಚಲನೆಯೇ ಪಾಠ ಆಗಿರಬೇಕು, ಸಂಖ್ಯಾರೇಖೆಯ ಹಾಗೆ, ನದಿಯ ಹಾಗೆ. ಪಾಠಕ್ಕೂ ಕುಣಿತಕ್ಕೂ ಸಂಬಂಧ ಇಲ್ಲದಿದ್ದರೆ ಅದು ಬರೀ ಗಲಾಟೆ. "ನಿಮ್ದು ಪಿ.ಟಿ. ಬುದ್ಧಿ, ಎಲ್ಲದಕ್ಕೂ ಓಡಿಸ್ತೀರಿ" ಅಂತ ನಮ್ಮ ಮನೆಯವರು ನನ್ನನ್ನು ತಿದ್ದಿದ್ದು ಈ ವಿಷಯದಲ್ಲೇ. ಪಾಠ ಕೇಳಲು, ಕತೆ ಕೇಳಲು, ಓದಲು ಸುಮ್ಮನೆ ಕೂರುವುದೂ ಬೇಕು.

ಸುಸ್ತು ಮಾಡಿಸುವುದು ಗುರಿಯಲ್ಲ

ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಜೋರಾದ ಆಟ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದನ್ನು ಕೇಳಿ ಕೆಲವು ಅಪ್ಪಂದಿರು ಮಗನನ್ನು ಬೆಳಗ್ಗೆ ಎಬ್ಬಿಸಿ ಮೈದಾನದ ಸುತ್ತ ಓಡಿಸುತ್ತಾರೆ. ಎದೆಗೆ ಒಳ್ಳೆಯದು, ಬೇಡ ಅನ್ನುವುದಿಲ್ಲ. ಆದರೆ ತಲೆಗೆ ಕೆಲಸ ಕೊಡುವುದು ತೀರ್ಮಾನ ಇರುವ ಆಟ. ಖೋ ಖೋದಲ್ಲಿ ಕೂತವನ ಮುಖ ಯಾವ ಕಡೆ, ಖೋ ಯಾವಾಗ ಕೊಡಬೇಕು, ಕಂಬ ಎಷ್ಟು ದೂರ, ಇಷ್ಟನ್ನೂ ಕಣ್ಣು ಮಿಟುಕಿಸುವುದರೊಳಗೆ ಯೋಚಿಸಬೇಕು. ಲಗೋರಿ, ಚಿನ್ನಿದಾಂಡು, ಕಬಡ್ಡಿ ಎಲ್ಲವೂ ಹಾಗೇ. ಕೋಲಾಟ, ಬೀಸು ಕಂಸಾಳೆ ಕಲಿಸುವವರು ಊರಲ್ಲಿ ಇದ್ದರೆ ಬಿಡಬೇಡಿ. ತಾಳ, ಹೆಜ್ಜೆ, ಪಕ್ಕದವನ ಕೈ, ಮೂರನ್ನೂ ಒಟ್ಟಿಗೆ ಹಿಡಿಯಬೇಕು.

ಜಾಗ ಇಲ್ಲದವರಿಗೆ ಕೆರೆ-ದಡ ಇದೆ. ಒಂದು ಗೆರೆ, ಈ ಕಡೆ ಕೆರೆ, ಆ ಕಡೆ ದಡ, ಕೂಗಿದ ಕಡೆಗೆ ಹಾರುವುದು. ಅದು ಸಲೀಸಾದ ಮೇಲೆ ತಿರುಗಿಸಿ. "ಕೆರೆ" ಅಂದರೆ ದಡಕ್ಕೆ ಹಾರಬೇಕು, "ದಡ" ಅಂದರೆ ಕೆರೆಗೆ. ಕಾಲು ಹೊರಟಿರುತ್ತದೆ, ತಲೆ ತಡೆಯಬೇಕು. ಮಕ್ಕಳ ಸಂಯಮ ಅಳೆಯಲು ಮನಶ್ಶಾಸ್ತ್ರದವರು ಬಳಸುವ ಪರೀಕ್ಷೆಯೊಂದು ಹೆಚ್ಚುಕಮ್ಮಿ ಹೀಗೇ ಇದೆ: ತಲೆ ಮುಟ್ಟು ಅಂದರೆ ಕಾಲ್ಬೆರಳು ಮುಟ್ಟಬೇಕು. ನಮ್ಮ ಐಕ್ಳು ಅದನ್ನು ಬೀದಿಯಲ್ಲಿ ಪುಕ್ಕಟೆ ಆಡುತ್ತಾರೆ.

ಹೆಣ್ಣು ಮಕ್ಕಳ ವಿಚಾರ ಹೇಳಲೇಬೇಕು. ಏಳನೇ ಕ್ಲಾಸು ದಾಟಿದ ಕೂಡಲೇ "ದೊಡ್ಡವಳಾದೆ, ಇನ್ನೇನು ಕುಣಿಯೋದು" ಅಂತ ಮನೆಯೊಳಗೆ ಸೇರಿಸುತ್ತೀರಲ್ಲ, ಅವರ ಮೆದುಳು ಆಗ ಬೆಳೆಯುವುದನ್ನು ನಿಲ್ಲಿಸುತ್ತದೆಯೇ? ಬಟ್ಟೆಯದ್ದು ತೊಂದರೆಯಾದರೆ ಟ್ರ್ಯಾಕ್ ಪ್ಯಾಂಟ್ ಕೊಡಿಸಿ. ಯಾವ ಮಗುವಾದರೂ ಸ್ವಲ್ಪ ಓಡಿದರೆ ಸಾಕು ಕೂತುಬಿಡುತ್ತದೆ, ತುಟಿ ಬಿಳಚಿದೆ ಅನ್ನಿಸಿದರೆ ಸೋಮಾರಿ ಅನ್ನಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಬಹಳ ಸಲ ಅದು ರಕ್ತಹೀನತೆ. ನಡೆಯಲಾಗದ ಮಗು ಇದ್ದರೆ ಅಂಪೈರ್ ಮಾಡಿ ಕೂರಿಸಬೇಡಿ, ಕೈಯಿಂದ ಎಸೆಯುವ, ಹಿಡಿಯುವ ಆಟಕ್ಕೆ ನಿಯಮ ಬದಲಾಯಿಸಿ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಹತ್ತು ಗಂಟೆಯೊಳಗೆ ಇಲ್ಲಾ ನಾಲ್ಕರ ಮೇಲೆ ಆಡಿಸಿ.

ದುಡ್ಡು ಕೊಡಬೇಡಿ

ಕಣ್ಣಿಗೆ ಬಟ್ಟೆ ಕಟ್ಟಿ ಪುಸ್ತಕ ಓದಿಸುವ ಮಿಡ್‌ಬ್ರೈನ್ ಆ್ಯಕ್ಟಿವೇಶನ್ ಕ್ಲಾಸುಗಳು ನಮ್ಮ ಕಡೆಗೂ ಬಂದಿದ್ದವು. ಮಧ್ಯ ಮೆದುಳು ಹುಟ್ಟಿದಾಗಿನಿಂದಲೇ ಕೆಲಸ ಮಾಡುತ್ತಿರುತ್ತದೆ, ಅದನ್ನು ಯಾರೂ ಸ್ವಿಚ್ ಹಾಕಿ ಎಬ್ಬಿಸಬೇಕಾಗಿಲ್ಲ. ಮಗು ಓದುವುದು ಮೂಗಿನ ಪಕ್ಕದ ಸಂದಿಯಿಂದ. ಇನ್ನು ಎಡಗೈಯಲ್ಲಿ ಬಲ ಮಂಡಿ ಮುಟ್ಟಿಸಿ "ಎಡ ಮೆದುಳು ಬಲ ಮೆದುಳು ಜೋಡಿಸುತ್ತೇವೆ" ಅನ್ನುವವರು. ವ್ಯಾಯಾಮ ಅಂತ ಮಾಡಿದರೆ ತಪ್ಪೇನಿಲ್ಲ. ಆ ಎರಡು ಭಾಗ ಜೋಡಿಸಿಯೇ ಇವೆ, ಅದರಿಂದ ಓದು ಬರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. "ನಿಮ್ಮ ಮಗು ನೋಡಿ ಕಲಿಯುವ ಜಾತಿ, ಇವನು ಮಾಡಿ ಕಲಿಯುವ ಜಾತಿ" ಅಂತ ಚೀಟಿ ಬರೆದು ಕೊಡುವುದೂ ಪರೀಕ್ಷೆಗೆ ನಿಂತ ಮಾತಲ್ಲ. ಮಾಡಿ ಕಲಿಯುವುದು ಎಲ್ಲ ಮಕ್ಕಳಿಗೂ ಬೇಕು. ಆ ದುಡ್ಡಿಗೆ ಒಂದು ಒಳ್ಳೆ ಚೆಂಡು, ಒಂದು ಹಗ್ಗ ಬರುತ್ತದೆ, ಮಿಕ್ಕಿದ್ದರಲ್ಲಿ ಮದ್ದೂರು ವಡೆ ತಿನ್ನಿ.

ಎಸ್ಸೆಸ್ಸೆಲ್ಸಿ ಇರುವ ಮನೆಗೆ

ಮಗುವನ್ನು ನಸುಕಿಗೇ ಎಬ್ಬಿಸಿ, ರಾತ್ರಿ ಹನ್ನೊಂದರವರೆಗೆ ಕೂರಿಸಿ, ಸಂಜೆಯ ಕಬಡ್ಡಿ ನಿಲ್ಲಿಸಿ, ಟೀವಿ ಕೇಬಲ್ ಕಿತ್ತುಹಾಕುವುದು, ಇದು ನಮ್ಮಲ್ಲಿ ತಪಸ್ಸು. ಕೇಬಲ್ ಕಿತ್ತಿದ್ದಕ್ಕೆ ನನ್ನ ತಕರಾರಿಲ್ಲ. ಆಟ ಮಾತ್ರ ಉಳಿಸಿ. ಗಂಟೆಗೊಮ್ಮೆ ಎದ್ದು ಐದು ನಿಮಿಷ ನಡೆಯಲಿ, ನಡೆಯುವಾಗ ಓದಿದ್ದನ್ನು ಪುಸ್ತಕ ಇಲ್ಲದೆ ತನಗೆ ತಾನೇ ಹೇಳಿಕೊಳ್ಳಲಿ. ಸಂಜೆ ನಲವತ್ತೈದು ನಿಮಿಷ ಆಡಲಿ. ಎಂಟು ಗಂಟೆ ನಿದ್ದೆ ಬೇಕೇ ಬೇಕು, ಹಗಲು ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ.

ಜೊತೆಗೆ ನಡೆಯಲು ತಾತನನ್ನೋ ಅಜ್ಜಿಯನ್ನೋ ಕಳಿಸಿ. 55ರಿಂದ 80 ವರ್ಷದ 120 ಮಂದಿಯ ಮೇಲೆ ಅಮೆರಿಕದಲ್ಲಿ ಒಂದು ಅಧ್ಯಯನ ನಡೆಯಿತು, ಪ್ರಕಟವಾದದ್ದು 2011ರಲ್ಲಿ. ಅವರಲ್ಲಿ ಅರ್ಧ ಜನ ವಾರಕ್ಕೆ ಮೂರು ದಿನ, 40 ನಿಮಿಷ ಚುರುಕಾಗಿ ನಡೆದರು. ಒಂದು ವರ್ಷದಲ್ಲಿ ಅವರ ಹಿಪೊಕ್ಯಾಂಪಸ್ ಸುಮಾರು 2% ದೊಡ್ಡದಾಗಿತ್ತು. ಆ ವಯಸ್ಸಿನಲ್ಲಿ ಅದು ವರ್ಷ ವರ್ಷ ಕುಗ್ಗಬೇಕಾಗಿದ್ದ ಭಾಗ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಇದೆ, ಚಾಮುಂಡಿ ಬೆಟ್ಟದ ಮೆಟ್ಟಿಲು ಇದೆ. ನಮಗೆ ಮಂಡ್ಯದಲ್ಲಿ ಅಷ್ಟು ಭಾಗ್ಯ ಇಲ್ಲ, ಆದರೂ ಊರ ಹೊರಗಿನ ನಾಲೆ ಏರಿಯ ರಸ್ತೆ ಮೋಸವಿಲ್ಲ. ನೀರಿನ ಕಡೆ ಮಾತ್ರ ಮಕ್ಕಳನ್ನು ಬಿಡಬೇಡಿ.

ಶಾಲೆಗೆ ಹೋಗಿ ಕೇಳುವುದು

ಎಸ್‌ಡಿಎಂಸಿ (ಸರ್ಕಾರಿ ಶಾಲೆಯ ಪೋಷಕರ ಸಮಿತಿ) ಸಭೆಗೆ ಕರೆದಾಗ ಹೋಗಿ. ಸಹಿ ಹಾಕಿ ಟೀ ಕುಡಿದು ಬರಬೇಡಿ, ವೇಳಾಪಟ್ಟಿ ತೋರಿಸಿ ಅನ್ನಿ. ಆಟದ ಪೀರಿಯಡ್ ಕಾಗದದ ಮೇಲೆ ಇದ್ದೇ ಇರುತ್ತದೆ. ಹೋದ ವಾರ ಅದು ನಡೆಯಿತಾ ಅಂತ ಮೇಷ್ಟ್ರನ್ನಲ್ಲ, ಮಗುವನ್ನು ಕೇಳಿಕೊಂಡು ಹೋಗಿ. ಹೋಂವರ್ಕ್ ಮಾಡದವನಿಗೆ ಆಟ ಇಲ್ಲ ಅನ್ನುವ ಶಿಕ್ಷೆ ಇದ್ದರೆ ಅದನ್ನು ಬಿಡಿಸಿ. ಕೂರಲಾಗದ ಮಗುವಿಗೇ ಆಟ ಜಾಸ್ತಿ ಬೇಕು, ನಾವು ಅವನಿಂದಲೇ ಕಿತ್ತುಕೊಳ್ಳುತ್ತೇವೆ. ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯಲ್ಲಿ ಆಟದ ಮೈದಾನ, ಆಟದ ಸಾಮಾನು ಎರಡೂ ಇರಬೇಕು ಅಂತ ಇದೆ. ಖಾಸಗಿ ಶಾಲೆಗೂ ಅದು ಅನ್ವಯ. ಫೀಸು ಕಟ್ಟುವಾಗ ಕಂಪ್ಯೂಟರ್ ಲ್ಯಾಬ್ ನೋಡುವ ಮೊದಲು ಮೈದಾನ ನೋಡಿ.

ಮೈದಾನ ಕೆಸರಾದ ಮಳೆಗಾಲಕ್ಕೆ ಕಾರಿಡಾರೇ ಗತಿ. ಅದರ ನೆಲಕ್ಕೆ ಒಂದು ಡಬ್ಬ ಬಿಳಿ ಪೇಂಟ್ ಹೊಡೆಸಿ. ಗೋಡೆ ಪಕ್ಕ -20ರಿಂದ 20ರ ತನಕ ಸಂಖ್ಯಾರೇಖೆ, ಅಂಕಿಯಿಂದ ಅಂಕಿಗೆ ಒಂದು ಅಡಿ ಅಂತರ, ಒಟ್ಟು ನಲವತ್ತು ಅಡಿ ಬೇಕು. ಅಷ್ಟು ಉದ್ದ ಇಲ್ಲದಿದ್ದರೆ -10ರಿಂದ 10. ಇನ್ನೊಂದು ಪಕ್ಕ ಎರಡು ಕುಂಟೆಬಿಲ್ಲೆ ಮನೆ. ಪೇಂಟಿನಲ್ಲಿ ಸ್ವಲ್ಪ ಸಣ್ಣ ಮರಳು ಕಲಸಲು ಹೇಳಿ, ಇಲ್ಲದಿದ್ದರೆ ಒದ್ದೆ ಕಾಲಿಗೆ ಜಾರುತ್ತದೆ.